ಕಪ್ತಾನ ಬಿಡದ ತಟ್ಟೆ

ಗೋವೆಯಲ್ಲಿ ಪೋರ್ಚುಗೀಸರ ದರ್ಬಾರಿದ್ದ ಕಾಲ. ಅಲ್ಲೊಬ್ಬ ಪೋರ್ಚುಗೀಸ್ ಸಾಹೇಬರ ಮನೆಯಲ್ಲಿ ಅಡುಗೆಗಿದ್ದವಳು ನಮ್ಮ ಅಂಕೋಲೆಯ ಬೀರಮ್ಮ. ಒಂದು ದಿನ ಸ್ಪೇನ್ ದೇಶದ ಹಡಗಿನ ಕಪ್ತಾನ ಊಟಕ್ಕೆ ಬಂದ.

"ಅತಿಥಿಯ ಮುಂದೆ ನನ್ನ ಮರ್ಯಾದೆ ಹೋದರೆ ಸಂಜೆಯೊಳಗೆ ನೀನು ಗಂಟುಮೂಟೆ ಕಟ್ಟಬೇಕು!" ಎಂದು ಸಾಹೇಬರು ಮೊದಲೇ ಗುಡುಗಿದ್ದರು.

ಕಪ್ತಾನ ಬಂಗಡೆ ಮೀನಿನ ಸಾರಿನ ಮೊದಲ ತುತ್ತು ನುಂಗಿದ. ಮುಖವೆಲ್ಲ ಕೆಂಪು, ಕಣ್ಣಲ್ಲಿ ನೀರು. "ಎಸ್ಕಿಸಿತೊ!" ಎಂದು ಕೂಗಿದ.

ಸಾಹೇಬರ ಮುಖ ಕಪ್ಪಿಟ್ಟಿತು. "ಕೇಳಿದೆಯಾ? ನಿನ್ನ ಸಾರು ವಿಚಿತ್ರವಾಗಿದೆಯಂತೆ! ನಡಿ ಊರಿಗೆ!"

ಬೀರಮ್ಮನಿಗೆ ಕಪ್ತಾನನ ಭಾಷೆ ಬಾರದು. ಆದರೆ ಉಣ್ಣುವವರನ್ನು ನೋಡಿ ನೋಡಿಯೇ ಅವಳ ತಲೆ ನರೆತಿತ್ತು. "ಆಗಲಿ ಸಾಹೇಬರೇ. ಕೆಟ್ಟ ಸಾರು ಅತಿಥಿಯ ಮುಂದೆ ಯಾಕಿರಬೇಕು?" ಎಂದವಳೇ ಕಪ್ತಾನನ ತಟ್ಟೆಗೆ ಕೈ ಹಾಕಿದಳು.

ಅಬ್ಬಬ್ಬಾ! ಕಪ್ತಾನ ತಟ್ಟೆಯನ್ನು ಎದೆಗವಚಿಕೊಂಡ! ಇವಳು ಎಳೆಯುತ್ತಾಳೆ, ಅವನು ಬಿಡಲೊಲ್ಲ! ಬಿಳಿ ಅಂಗಿಯ ಮೇಲೆಲ್ಲ ಸಾರು ಹರಿಯಿತು, ಆದರೂ ಬಿಡಲೊಲ್ಲ!

"ಬೇಡವಾದ ಸಾರನ್ನು ಯಾರಾದರೂ ಹೀಗೆ ಹಿಡಿದುಕೊಳ್ಳುತ್ತಾರಾ, ಸಾಹೇಬರೇ?"

ಆಮೇಲೆ ಕಪ್ತಾನನೇ ಬಿಡಿಸಿ ಹೇಳಿದ. ಇಬ್ಬರ ಭಾಷೆಗೂ ಲ್ಯಾಟಿನ್ನೇ ತಾಯಿ, ಪದವೂ ಒಂದೇ. ಆದರೆ ಪೋರ್ಚುಗೀಸರಿಗೆ ಅದು 'ವಿಚಿತ್ರ', ಸ್ಪೇನಿನವರಿಗೆ 'ಬಹಳ ರುಚಿ'!

ಅಲ್ಲಿಯವರೆಗೆ ಆ ಸಾರಿಗೆ ಮೂಗು ಮುರಿಯುತ್ತಿದ್ದ ಸಾಹೇಬರು ಈಗ ತಾವೂ ಒಂದು ತುತ್ತು ತಿಂದರು. ಇನ್ನೊಂದು ತಿಂದರು. "ಹೂಂ, ಪರವಾಗಿಲ್ಲ," ಎಂದು ಗತ್ತಿನಿಂದ ಹೇಳಿದರು.

ಬೀರಮ್ಮ ಮೆಲ್ಲಗೆ ಅವರ ತಟ್ಟೆಗೆ ಕೈ ಹಾಕಿದಳು.

ಸಾಹೇಬರು ಗಬಕ್ಕನೆ ಹಿಡಿದುಕೊಂಡರು!