ಬಂಪರಿನ ಎರಡು ತೂತುಗಳು

ಹಳೆಯ ಕಾರುಗಳ ಮೆರವಣಿಗೆಗೆ ಹೊರಡಬೇಕಿದ್ದ ಮುದಿ ಕಾರಿನ ಮುಂದೆ ಹೊಸ ನಂಬರ್ ಪ್ಲೇಟು ಕಾದು ಕುಳಿತಿತ್ತು. ತಾನಿಲ್ಲದೆ ಕಾರು ರಸ್ತೆಗಿಳಿಯುವಂತಿಲ್ಲ, ಕಾರು ಒಪ್ಪದಿದ್ದರೆ ತನಗೆ ಗುಜರಿಯೇ ಗತಿ ಎಂಬುದು ಅದಕ್ಕೆ ಗೊತ್ತಿತ್ತು.

“ನಾನು ಮಹಾರಾಜರನ್ನು ಹೊತ್ತು ತಿರುಗಿದವನು. ಅರಮನೆಯ ಕಾರುಗಳಿಗೆ ನಂಬರ್ ಹಾಕುತ್ತಿರಲಿಲ್ಲ, ತಿಳಿದುಕೋ. ಇಂಥ ಬಂಪರಿಗೆ ತೂತು ಕೊರೆಯುವುದೇ? ದೂರ ಸರಿ, ತಗಡೇ!” ಎಂದಿತು ಕಾರು.

ಮೆಕ್ಯಾನಿಕ್ ಸೀಮೆಎಣ್ಣೆಯ ಬಟ್ಟೆಯಿಂದ ಬಂಪರನ್ನು ಉಜ್ಜಿದ. ಕೊಳೆಯಡಿಯಿಂದ ತುಕ್ಕು ಹಿಡಿದ ಎರಡು ಹಳೆಯ ತೂತುಗಳು ಹೊರಬಿದ್ದವು. ಪ್ಲೇಟಿನ ತೂತುಗಳಿಗೆ ಅವು ಸರಿಯಾಗಿ ಹೊಂದುತ್ತಿದ್ದವು.

“ಕೊರೆಯುವ ಕೆಲಸವೇ ಉಳಿದಿಲ್ಲವಲ್ಲ, ಅಜ್ಜಾ,” ಎಂದಿತು ಪ್ಲೇಟು.

ಕಾರು ದನಿ ತಗ್ಗಿಸಿ, “ಬೇಗ ಬಂದು ಕೂರಪ್ಪಾ, ಯಾರಾದರೂ ನೋಡಿಯಾರು,” ಎಂದಿತು.