ಜೊಂಡುಕೆರೆಯ ಹಳದಿ ಕೊಡತಿ ಹುಳ

"ಕೇಳಿರಪ್ಪೋ ಕೇಳಿ. ಮುಂಗಾರಿಗೆ ಮೊದಲೇ ಜೊಂಡುಕೆರೆ ದಡದಲ್ಲಿ ರಾಜಕುಮಾರಿ ಚೆಲುವಾಜಮ್ಮಣ್ಣಿಯವರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವನಿಗೆ ಕೆರೆ. ತಪ್ಪಿದವನಿಗೆ ಸೆರೆ, ಎಂಟನೆಯ ದಿನ ತಲೆದಂಡ."

ಡಂಗುರ ಕೇಳಿ, ಜೊಂಡು ಕೊಯ್ದು ಚಾಪೆ ಹೆಣೆಯುವ ದ್ಯಾವಣ್ಣನ ಕೈ ನಿಂತಿತು. ಕೆರೆಯ ಮೇಲೆ ಕಣ್ಣಿಟ್ಟಿರುವ ಪಾಳೆಯಗಾರನ ಮಗ ಗೆದ್ದರೆ ಗದ್ದೆ ಮಾಡಲು ಜೊಂಡಿಗೆ ಬೆಂಕಿ ಬೀಳುತ್ತದೆ, ಅವನ ಕೇರಿ ಗುಳೆ ಹೋಗುತ್ತದೆ. ಕುಡುಗೋಲು ಇಟ್ಟು ಎದ್ದ.

ದಡದಲ್ಲಿ ರಾಜಕುಮಾರಿ ಕೇಳಿದಳು: "ನೀರಲ್ಲಿ ಬೇಟೆಯಾಡಿ ಬೆಳೆದವನು ತನ್ನ ತೊಗಲನ್ನು ಕಡ್ಡಿಗೆ ತೂಗುಹಾಕಿ ಹಾರಿಹೋದ. ಯಾರವನು?"

"ಹಾವು," ಎಂದರು ಆಸ್ಥಾನದ ಶಾಸ್ತ್ರಿಗಳು.

"ಹಾವು ಎಲ್ಲಿ ಹಾರುತ್ತದೆ ಸ್ವಾಮಿ?" ಎಂದು ಬಂಟರು ಅವರನ್ನು ಎಳೆದೊಯ್ದರು.

"ಕೊಡತಿ ಹುಳ, ಅಮ್ಮಣ್ಣಿ. ಮರಿಯಾಗಿದ್ದಾಗ ನೀರಲ್ಲಿ, ನಾಲ್ಕು ಉದ್ದ ರೆಕ್ಕೆ ಬಂದ ಮೇಲೆ ಕೆರೆಯ ಮೇಲೆ," ಎಂದ ದ್ಯಾವಣ್ಣ, ಒಣ ಪೊರೆ ಅಂಟಿದ್ದ ಜೊಂಡಿನ ಕಡ್ಡಿ ಮುಂದಿಟ್ಟು.

ರಾಜಕುಮಾರಿ ಎರಡನೆಯದು ಕೇಳಿದಳು: "ಇಂದು ಅರಿಶಿನ, ವಾರ ಕಳೆದರೆ ಕುಂಕುಮ. ಯಾವುದು?"

"ಬೋರೆಹಣ್ಣು," ಪಾಳೆಯಗಾರನ ಮಗ ಮೀಸೆ ತಿರುವಿದ. ಅವನನ್ನೂ ಒಯ್ದರು.

"ಅದೇ ಹುಳದ ಗಂಡು," ಎಂದ ದ್ಯಾವಣ್ಣ. " ಎಳೆಯದಿದ್ದಾಗ ಹಳದಿ, ಬಲಿತ ಮೇಲೆ ಕೆಂಪು. ಜನ ಎರಡು ಜಾತಿ ಅನ್ನುತ್ತಾರೆ. ಒಂದೇ."

ರಾಜಕುಮಾರಿ ತೆಳುಬಟ್ಟೆಯ ಗೂಡು ಮುಂದಿಟ್ಟಳು. ಒಳಗೆ ಮೂರು ಹುಳ, ಮೂರೂ ಹಳದಿ. "ಯಾವುದು ಕೆಂಪಾಗುತ್ತದೆ?"

"ತಿರುಗಿಸಿ ನೋಡದೆ ಹೇಳಲಾರೆ."

"ತಲೆಯ ಮೇಲೆ ಕತ್ತಿಯಿದೆ ಕಣಯ್ಯ," ಎಂದ ಮಂತ್ರಿ.

"ಇರಲಿ ಬುದ್ಧಿ. ಊಹೆ ಮಾಡಲಾರೆ."

ಒಂದೊಂದನ್ನೇ ರೆಕ್ಕೆ ಕೂಡಿಸಿ ಹಿಡಿದ. ಒಂದರ ಬೆನ್ನು ಬೋಳು, ಅದನ್ನು ಗೂಡಿಗೆ ಮರಳಿ ಬಿಟ್ಟ. ಉಳಿದೆರಡರ ಬೆನ್ನುದ್ದಕ್ಕೂ ಸಣ್ಣ ಕಪ್ಪುಗೆರೆ. ಆಮೇಲೆ ಹೊಟ್ಟೆ ಮೇಲೆ ಮಾಡಿದ. ಒಂದಕ್ಕೆ ಮಾತ್ರ ಸೊಂಟದ ಕೆಳಗೆ ಪುಟ್ಟ ಗಂಟು.

"ಗೆರೆ ಜಾತಿ ಹೇಳುತ್ತದೆ, ಗಂಟು ಗಂಡು ಅನ್ನುತ್ತದೆ. ಇದು ಕೆಂಪಾಗುತ್ತದೆ."

"ಕೆಂಪಾಗುವ ತನಕ ಇವನ್ನು ನೀನೇ ಸಾಕಬೇಕು," ಎಂದಳು ರಾಜಕುಮಾರಿ.

ಏಳು ದಿನ ದ್ಯಾವಣ್ಣ ಗೂಡಿನ ಬಳಿಯಿಂದ ಕದಲಲಿಲ್ಲ. ಸೊಳ್ಳೆ ಹಿಡಿದು ತಿನ್ನಿಸಿದ. ಅವನ ಕಾವಲಿಗಿದ್ದ ತಲೆ ಕಡಿಯುವ ಬಂಟನೂ ಬೇಸರಕ್ಕೆ ಸೊಳ್ಳೆ ಹಿಡಿಯತೊಡಗಿದ. "ನಿನ್ನ ಕತ್ತಿಗಿಂತ ಕೈ ಚುರುಕು ಕಣಣ್ಣ," ಎಂದ ದ್ಯಾವಣ್ಣ.

ಎಂಟನೆಯ ಬೆಳಿಗ್ಗೆ ಗೂಡಿನಲ್ಲಿ ಎರಡು ಹಳದಿ, ಒಂದು ಕಡುಗೆಂಪು.

ರಾಜಕುಮಾರಿ ಕೆರೆಯನ್ನು ಅವನ ಹೆಸರಿಗೆ ಬರೆಸಿದಳು. ಅವನು ಬೇಡಿದ್ದಕ್ಕೆ ಸೆರೆಯಲ್ಲಿದ್ದವರನ್ನೂ ಬಿಟ್ಟಳು.

ಮಂತ್ರಿ ಮೆಲ್ಲಗೆ ಕೇಳಿದ: "ನಡುವೆ ಆ ಹುಳ ಸತ್ತಿದ್ದರೆ?"

"ನಾನೂ ಸಾಯುತ್ತಿದ್ದೆ ಬುದ್ಧಿ. ಉತ್ತರ ಮಾತ್ರ ಸರಿಯಾಗಿಯೇ ಇರುತ್ತಿತ್ತು."