ವಾಮನಯ್ಯನ ಮೀನಿನ ತೊಟ್ಟಿ

"ಬುದ್ಧೀ, ಮನಸ್ಸಿಗೆ ನಾಟಿದ ಒಂದು ಮಾತು ಪೂರ್ತಿ ಅಳಿಸಿಹೋಗಬೇಕಾದರೆ ಎಷ್ಟು ಕಾಲ ಬೇಕು?" ಎಂದು ಮರುಳಸಿದ್ಧ ಗುರುಗಳನ್ನು ಕೇಳಿದ.

ಮರುಳಸಿದ್ಧ ಮಠ ಸೇರಿ ಕೆಲವು ವರ್ಷಗಳಾಗಿದ್ದವು. ಅವನ ತಾಯಿ ತೀರಿಕೊಂಡ ದಿನ ಅವನು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ನೆರೆದವರ ಎದುರಿಗೆ ಅವನ ಅಕ್ಕ, ಇವನು ಮಗನಲ್ಲ, ನೆಂಟ ಎಂದುಬಿಟ್ಟಿದ್ದಳು. ಅಂದಿನಿಂದ ಅವನು ಅಕ್ಕನ ಮನೆಯ ಹೊಸಿಲು ತುಳಿದಿರಲಿಲ್ಲ. ಈಗ ಅಕ್ಕನಿಗೆ ವಯಸ್ಸಾಗಿತ್ತು. ಒಂದು ಸಲ ಬಂದು ಹೋಗು ಎಂದು ಊರಿನವರ ಕೈಯಲ್ಲಿ ಮತ್ತೆ ಮತ್ತೆ ಹೇಳಿಕಳಿಸುತ್ತಿದ್ದಳು. ಅವನಿಗೂ ಹೋಗುವ ಆಸೆಯಿತ್ತು. ಆದರೆ ಆ ಮಾತನ್ನು ಒಳಗಿಟ್ಟುಕೊಂಡು ಅವಳ ಮುಖ ನೋಡುವುದು ಹೇಗೆ, ಮೊದಲು ಮನಸ್ಸು ತಿಳಿಯಾಗಲಿ ಎಂದು ಮುಂದೂಡುತ್ತ ಬಂದಿದ್ದ. ಅದಕ್ಕಾಗಿ ಜಪ, ಧ್ಯಾನ, ಉಪವಾಸ ಎಲ್ಲವೂ ನಡೆದಿದ್ದವು.

ಗುರುಗಳು ಹೀಗೆ ಹೇಳಿದರು.

ನಾನು ಈ ಕಾವಿ ತೊಡುವ ಮೊದಲು ಓದುತ್ತಿದ್ದ ಊರಿನಲ್ಲಿ, ರೈಲ್ವೆ ಸ್ಟೇಷನ್ನಿನ ಎದುರಿಗೆ ಒಂದು ಹೋಟೆಲಿತ್ತು. ವಾಮನಯ್ಯ ಎಂಬವನು ಅದರ ಮಾಲೀಕ. ಅವನ ಗಲ್ಲಾಪೆಟ್ಟಿಗೆಗೂ ಅಡುಗೆಮನೆಗೂ ನಡುವೆ ಗೋಡೆಯ ಬದಲು ಒಂದು ದೊಡ್ಡ ಮೀನಿನ ತೊಟ್ಟಿ. ಹೋಟೆಲು ಶುದ್ಧ ಸಸ್ಯಾಹಾರಿ. ಮೀನು ಕಣ್ಣಿಗೆ ಮಾತ್ರ. ತೊಟ್ಟಿಯ ಈಚೆ ಬದಿಗೆ ವಾಮನಯ್ಯ ಕೂತು ಚಿಲ್ಲರೆ ಕೊಡುತ್ತಿದ್ದ. ಆಚೆ ಬದಿಗೆ ಅವನ ಹೆಂಡತಿ ಸುಮಿತ್ರಮ್ಮ ನಿಂತು ತಟ್ಟೆಗಳಿಗೆ ಚಟ್ನಿ ಹಾಕಿ ಕಳಿಸುತ್ತಿದ್ದಳು. ರೈಲು ಬಂದ ಹೊತ್ತಿಗೆ ಇಬ್ಬರಿಗೂ ಮಾತಾಡಲು ಪುರಸೊತ್ತಿಲ್ಲ. ಸಾಂಬಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಅವನು ನೀರಿನಾಚೆಗೆ ಹುಬ್ಬೆತ್ತಿ ಹೇಳುತ್ತಿದ್ದ. ಅವಳು ಕಣ್ಣಿನಲ್ಲೇ ಜಗಳಕ್ಕೆ ಬರುತ್ತಿದ್ದಳು. ನಡುವೆ ಕೆಂಪು ಮೀನುಗಳು ತಮ್ಮ ಪಾಡಿಗೆ ಓಡಾಡಿಕೊಂಡಿದ್ದವು. ನಾವು ಹುಡುಗರು ಒಂದು ಕಾಫಿಯನ್ನು ಇಬ್ಬರು ಹಂಚಿಕೊಂಡು ಆ ಮೀನುಗಳನ್ನೂ ಆ ಜಗಳವನ್ನೂ ನೋಡುತ್ತ ಕೂತುಬಿಡುತ್ತಿದ್ದೆವು. ಆ ಕಾಫಿಯ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಸನ್ಯಾಸಿ ಆಡುವ ಮಾತಲ್ಲ ಇದು, ಇರಲಿ.

ರಸ್ತೆ ಅಗಲ ಮಾಡಿದಾಗ ಹೋಟೆಲು ಹೋಯಿತು. ಮೀನುಗಳನ್ನು ಪರಿಚಯದ ಮೇಷ್ಟ್ರೊಬ್ಬರು ಒಯ್ದರು. ಬರಿದಾದ ತೊಟ್ಟಿ ವಾಮನಯ್ಯನ ಮನೆಯ ತಾರಸಿ ಸೇರಿತು. ಮನೆಯಲ್ಲಿ ಅವನು ಜಗಲಿಯ ಮೇಲೆ ಪೇಪರು ಹಿಡಿದು ಕೂರುತ್ತಿದ್ದ, ಅವಳು ಹಿತ್ತಲಿನಲ್ಲಿರುತ್ತಿದ್ದಳು. ದಿನವಿಡೀ ಎದುರುಬದುರಾಗಿ ಇದ್ದವರಿಗೆ ಈಗ ಮುಖ ಕಾಣುವುದು ಊಟದ ಹೊತ್ತಿಗೆ ಮಾತ್ರ. ಅದರಿಂದ ಅವಳಿಗೆ ಬಹಳ ನೋವಾಯಿತು. ತೊಟ್ಟಿಯನ್ನು ಕೆಳಗಿಳಿಸಿ ನಡುಮನೆಯಲ್ಲಿ ಇಡೋಣ, ಈ ಕಡೆ ನೀವು, ಆ ಕಡೆ ನಾನು ಎಂದು ಒಂದು ದಿನ ಹೇಳಿದಳು. ವಾಮನಯ್ಯನಿಗೆ ಎಷ್ಟು ಸಂತೋಷವಾಯಿತೆಂದರೆ ಅವತ್ತೇ ತಾರಸಿ ಹತ್ತಿದ. ಅವಳು ನಡುಮನೆಯಲ್ಲಿ ಎರಡು ಕುರ್ಚಿಗಳನ್ನು ಎದುರುಬದುರಾಗಿ ಹಾಕಿ, ನಡುವೆ ತೊಟ್ಟಿಗೆ ಜಾಗ ಬಿಟ್ಟಳು.

ಹೋಟೆಲಿನ ಅಳತೆಯ ತೊಟ್ಟಿ ಮನೆಗೆ ಎತ್ತರವಾಯಿತು. ವಾಮನಯ್ಯ ಬಡಗಿಯನ್ನು ತಾರಸಿಗೆ ಕರೆಸಿ ಮೇಲಿನಿಂದ ಒಂದು ಗೇಣು ಕೊಯ್ಯಿಸಿ, ಅಂಚನ್ನು ತಾನೇ ಉಜ್ಜಿ ನುಣುಪು ಮಾಡಿದ. ಆಮೇಲೆ ತೊಳೆದು ನೋಡಿದರೆ ಮೈಯೆಲ್ಲ ಗೀರು. ಅದು ಗಾಜಲ್ಲ, ಅಕ್ರಿಲಿಕ್ ಎಂಬ ಗಾಜಿನಂಥ ಪ್ಲಾಸ್ಟಿಕ್ಕು. ಬಿದ್ದರೆ ಒಡೆಯುವುದಿಲ್ಲ, ಮುಟ್ಟಿದರೆ ಗೀರು ಬೀಳುತ್ತದೆ. ಹೊರಗೆ ಗಿರಾಕಿಗಳ ಉಂಗುರ, ಬೀಗದಕೈ, ಮಕ್ಕಳ ಉಗುರು. ಒಳಗೆ ಪಾಚಿ ತೆಗೆಯಲು ಹೋಟೆಲಿನವರು ತಿಕ್ಕಿದ ತಂತಿಯ ಬ್ರಷ್ಷು. ಇದನ್ನು ಹೀಗೇ ಇಡುವುದಿಲ್ಲ, ಹೊಸದರಂತೆ ಮಾಡಿಯೇ ಇಡುತ್ತೇನೆ ಎಂದು ವಾಮನಯ್ಯ ಹಟ ಹಿಡಿದ.

ಮೊದಲು ಎದುರಿನ ಒಂದು ಆಳದ ಗೀರಿನ ಮೇಲೇ ಕೂತು ಪಾಲಿಶ್ ಕಾಗದದಿಂದ ತಿಕ್ಕಿದ. ಗೀರು ಹೋಯಿತು, ಆ ಜಾಗ ತಗ್ಗಾಯಿತು. ಅದರ ಮೂಲಕ ನೋಡಿದರೆ ಹೆಂಡತಿಯ ಮುಖ ಕಡುಬಿನಂತೆ ಊದಿಕೊಂಡು ಕಂಡಿತು. ಗೀರಿದ್ದಾಗಲೇ ನಾನು ಚೆನ್ನಾಗಿದ್ದೆ ಎಂದು ಅವಳು ನಕ್ಕಳು. ತಗ್ಗು ಸರಿಮಾಡಲು ಇಡೀ ಬದಿಯನ್ನೇ ಉಜ್ಜಬೇಕಾಯಿತು. ಉಜ್ಜಿದಷ್ಟೂ ಮಂಜು ಕವಿದಂತೆ ಬೆಳ್ಳಗಾಯಿತು. ಬಡಗಿ ಬಂದು, ಹೆದರಬೇಡಿ, ಒರಟು ಕಾಗದ ಹಾಕಿದ ಗೀರನ್ನು ನಯವಾದ ಕಾಗದ ತನ್ನ ಸಣ್ಣ ಗೀರಿನಿಂದ ತೆಗೆಯುತ್ತದೆ, ಹಾಗೇ ನಯ ಮಾಡುತ್ತ ಹೋಗಿ ಎಂದು ತಿಳಿಸಿಕೊಟ್ಟ. ಹಾಗೆಯೇ ಮಾಡಿ, ಕೊನೆಗೆ ಹಳೆಯ ಪಂಚೆಯ ಬಟ್ಟೆಗೆ ಪಾಲಿಶ್ ಹಚ್ಚಿ ಒರೆಸಿದ. ಹೊರಮೈ ಫಳಫಳ ಹೊಳೆಯಿತು. ಇಷ್ಟನ್ನು ನಾನು ದಂಡದ ಕೆಲಸ ಎನ್ನುವುದಿಲ್ಲ. ಮಾಡಲೇಬೇಕಾದದ್ದನ್ನು ಮಾಡಿದ.

ಆಮೇಲೆ ಅವನು ಒಳಮೈಗೆ ಕೈ ಹಾಕಿದ. ತೊಟ್ಟಿಯೊಳಗೆ ತಲೆ ತೂರಿಸಿ, ಮೀಸೆಯ ತುಂಬ ಬಿಳಿ ಪುಡಿ ಮಾಡಿಕೊಂಡು ಉಜ್ಜಿದ. ಬೆಳಗ್ಗೆ ಎಲ್ಲ ಸರಿಹೋಯಿತು ಎನ್ನಿಸುತ್ತಿತ್ತು. ಸಂಜೆಯ ಓರೆ ಬಿಸಿಲಿಗೆ ಹೊಸ ಗೀರುಗಳು ಕಾಣುತ್ತಿದ್ದವು. ಯುಗಾದಿಗೆ ಇಡೋಣ ಎಂದ. ಯುಗಾದಿ ಹೋಯಿತು. ಗೌರಿ ಹಬ್ಬಕ್ಕೆ ಎಂದ, ಅದೂ ಹೋಯಿತು. ಮೊದಲು ಜಗಲಿಯಲ್ಲಾದರೂ ಇರುತ್ತಿದ್ದವನು ಈಗ ತಾರಸಿ ಬಿಟ್ಟು ಇಳಿಯುತ್ತಿರಲಿಲ್ಲ. ಸುಮಿತ್ರಮ್ಮ ನಡುಮನೆಯ ತನ್ನ ಕುರ್ಚಿಯಲ್ಲಿ ಒಬ್ಬಳೇ ಕೂತು ಅಕ್ಕಿ ಆರಿಸುತ್ತಿದ್ದಳು. ಎದುರಿನ ಕುರ್ಚಿಯ ಮೇಲೆ ಒಗೆದ ಬಟ್ಟೆ ಬಂದು ಬೀಳತೊಡಗಿತು.

ಒಂದು ದಿನ ವಾಮನಯ್ಯ ಇನ್ನೂ ನಯವಾದ ಕಾಗದ ಬೇಕೆಂದು ಪಕ್ಕದ ಊರಿಗೆ ಹೋದ. ಅವನು ಅತ್ತ ಹೋದದ್ದೇ ತಡ, ಸುಮಿತ್ರಮ್ಮ ತಾರಸಿಗೆ ಹೋಗಿ ತೊಟ್ಟಿಗೆ ಪೈಪು ಬಿಟ್ಟಳು. ಅವನು ಬಂದು ನೋಡಿದಾಗ ತೊಟ್ಟಿಯಲ್ಲಿ ಮುಕ್ಕಾಲು ನೀರು. ಆಚೆ ಬದಿಗೆ ಅವಳು ಬಕೆಟ್ಟು ಬೋರಲು ಹಾಕಿಕೊಂಡು ಕೂತಿದ್ದಳು.

"ಇನ್ನೂ ಗೀರಿದೆ ಕಣೇ, ಯಾಕೆ ನೀರು ಬಿಟ್ಟೆ?" ಎಂದು ಅವನು ರೇಗಿದ.

"ಎಲ್ಲಿದೆ, ತೋರ್ಸಿ ನೋಡೋಣ," ಎಂದಳು ಅವಳು.

ಅವನು ಕನ್ನಡಕ ಹಾಕಿಕೊಂಡು ಹುಡುಕಿದ. ನೀರು ಮುಟ್ಟದ ಮೇಲ್ಭಾಗದಲ್ಲಿ ಗೀರುಗಳು ಹಾಗೇ ಇದ್ದವು. ನೀರು ನಿಂತಲ್ಲಿ ಒಂದೂ ಕಣ್ಣಿಗೆ ಬೀಳಲಿಲ್ಲ. ಒಳಗಿನ ಗೀರಿನೊಳಕ್ಕೆಲ್ಲ ನೀರು ಹೊಕ್ಕು ಕೂತಿತ್ತು. ಹುಡುಕುತ್ತ ಹುಡುಕುತ್ತ ಅವನಿಗೆ ಕಂಡದ್ದು ಆಚೆಗಿದ್ದ ಹೆಂಡತಿಯ ಮುಖ. ಅವಳ ತಲೆ ಪೂರ್ತಿ ಬೆಳ್ಳಗಾಗಿದ್ದು ಆಗಲೇ ಅವನ ಗಮನಕ್ಕೆ ಬಂದದ್ದು. ಅವನು ನೀರಿನಾಚೆಗೆ ಹುಬ್ಬೆತ್ತಿದ. ಅವಳು ಕಣ್ಣಿನಲ್ಲೇ ಜಗಳಕ್ಕೆ ಬಂದಳು.

ತೊಟ್ಟಿಯ ಒಂದು ಮೂಲೆಯಲ್ಲಿ ಮಾತ್ರ ನೀರು ಸಣ್ಣಗೆ ಒಸರುತ್ತಿತ್ತು. ಅದರಡಿಗೆ ಅವಳು ಆಗಲೇ ಒಂದು ಚೊಂಬು ಇಟ್ಟಿದ್ದಳು. ನಿಜವಾಗಿ ಸರಿಮಾಡಬೇಕಾಗಿ ಉಳಿದದ್ದು ಅದೊಂದೇ. ಅದು ಗೊತ್ತಾದದ್ದೂ ನೀರು ತುಂಬಿಸಿದ ಮೇಲೆಯೇ.

ಗುರುಗಳು ಕಥೆಯನ್ನು ಅಲ್ಲಿಗೆ ಮುಗಿಸಿದರು.

ಆ ಗೀರುಗಳು ಕೊನೆಗೂ ಹೋದವೇ ಎಂದು ಮರುಳಸಿದ್ಧ ಕೇಳಿದ. ಇಲ್ಲ, ಎಲ್ಲಿದ್ದವೋ ಅಲ್ಲೇ ಇದ್ದವು ಎಂದರು ಗುರುಗಳು.

"ಹಾಗಾದರೆ ನಾನು ಅಕ್ಕನಲ್ಲಿಗೆ ಹೋಗುತ್ತೇನೆ ಬುದ್ಧೀ. ಈ ಶ್ರಾವಣ ಒಂದು ಕಳೆಯಲಿ, ಮನಸ್ಸು ಇನ್ನೊಂದು ಸ್ವಲ್ಪ ತಿಳಿಯಾಗಲಿ," ಎಂದ ಮರುಳಸಿದ್ಧ.

"ನಿಮ್ಮ ಅಕ್ಕನ ಊರಿಗೆ ಮಧ್ಯಾಹ್ನದ ಬಸ್ಸು ಎಷ್ಟು ಹೊತ್ತಿಗೆ?" ಎಂದು ಗುರುಗಳು ಕೇಳಿದರು.